ಬಹುಮಾನದ ಕೈ

ಕೀವು ಸೋರುತ್ತಿದ್ದ ಕಾಲೊಂದನ್ನು ಒತ್ತಿ ನೋಡಿದ ದೊಡ್ಡ ಡಾಕ್ಟರು, ಅದೇ ಕೈಯಲ್ಲಿ ಪಕ್ಕದ ಮಂಚದ ರೋಗಿಯ ಬ್ಯಾಂಡೇಜು ಬಿಚ್ಚಲು ಹೊರಟರು. ಹಿಂದಿನ ದಿನವಷ್ಟೇ ಆಪರೇಷನ್ ಆದ ಹೊಟ್ಟೆ ಅದು.

ರೋಗಿಯ ಹೆಂಡತಿ ಧೈರ್ಯ ಮಾಡಿದಳು. "ಸಾರ್, ತಪ್ಪು ತಿಳ್ಕೋಬೇಡಿ. ಕೈ ತೊಳ್ಕೊಂಡ್ರಾ?"

ಡಾಕ್ಟರು ಹುಬ್ಬು ಗಂಟಿಕ್ಕಿ ಅವಳತ್ತ ತಿರುಗಿದರು.

"ಏನಮ್ಮಾ, ಈ ಆಸ್ಪತ್ರೇಲೇ ತಲೆ ನರೆತಿದೆ ನಂದು. ನನಗೇ ಪಾಠ ಹೇಳ್ತೀಯಾ?"

"ಗೋಡೆ ಮೇಲೆ ನೀವೇ ಬರೆಸಿದ್ದೀರಲ್ಲ ಸಾರ್, 'ಡಾಕ್ಟರು ಕೈ ತೊಳೆದರೇ? ಸಂಕೋಚ ಬೇಡ, ಕೇಳಿ' ಅಂತ."

"ಅದು ಇನ್‌ಸ್ಪೆಕ್ಷನ್‌ಗೆ ಬರೋರು ಓದಲಿ ಅಂತ ಹಾಕಿರೋದು ಕಣಮ್ಮಾ. ನನ್ನ ಕೈ ಕ್ಲೀನಾಗೇ ಇದೆ."

ಬ್ಯಾಂಡೇಜು ಬಿಚ್ಚಿದರು. ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿ, "ಏನೂ ತೊಂದರೆಯಿಲ್ಲ" ಎಂದರು.

ಅಷ್ಟರಲ್ಲಿ ಹೆಡ್ ಸಿಸ್ಟರ್ ಮೈಸೂರುಪಾಕಿನ ಡಬ್ಬಿ ಹಿಡಿದು ಓಡಿಬಂದರು. "ಸಾರ್, ಕೈ ಸ್ವಚ್ಛತೆಯಲ್ಲಿ ನಮ್ಮ ಆಸ್ಪತ್ರೆಗೇ ಫಸ್ಟ್ ಪ್ರೈಜು! ಬಾಯಿ ಸಿಹಿ ಮಾಡ್ಕೊಳ್ಳಿ."

ಡಾಕ್ಟರ ಮುಖ ಅರಳಿತು. ಡಬ್ಬಿಯತ್ತ ಚಾಚಿದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡರು.

"ತಾಳಿ ಸಿಸ್ಟರ್, ಕೈ ತೊಳ್ಕೊಂಡು ಬರ್ತೀನಿ. ಬೆಳಗ್ಗಿಂದ ಬರೀ ರೋಗಿಗಳನ್ನೇ ಮುಟ್ಟಿದ್ದೀನಿ."