ಬೆಲೆ ಇಳಿಯುವ ವಾದ

ಬ್ಯಾಂಕಿನ ಬಡ್ಡಿ ಏರಿದೆ, ದೀಪಾವಳಿಯ ಹೊತ್ತಿಗೆ ಬೆಲೆಗಳು ಇಳಿದೇ ಇಳಿಯುತ್ತವೆ ಎಂದು ನಿವೃತ್ತ ಅರ್ಥಶಾಸ್ತ್ರದ ಮೇಷ್ಟ್ರು ಗುಂಡೂರಾಯರು ಫೇಸ್‌ಬುಕ್ಕಿನಲ್ಲಿ ಭವಿಷ್ಯ ನುಡಿದಿದ್ದರು. ಮುಖ ಕಂಡರಿಯದ ಸದಾನಂದ ಎಂಬವರೊಬ್ಬರು ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ತಿಂಗಳುಗಟ್ಟಲೆ ನಡೆದ ಜಗಳದಲ್ಲಿ ವಾದ ಸವೆದು ಬೈಗುಳವಷ್ಟೇ ಉಳಿಯಿತು.

ಆಮೇಲೆ ಸದಾನಂದರ ಸದ್ದೇ ಅಡಗಿತು.

"ಬಾಲ ಮುದುರ್ಕೊಂಡ ನೋಡೇ," ಎಂದು ರಾಯರು ಹೆಂಡತಿಯೆದುರು ಬೀಗಿದರು.

ಒಂದು ಸಂಜೆ ಸಂದೇಶ ಬಂತು. "ನಾನು ಸದಾನಂದರ ಮಗಳು ಸಾರ್. ಅಪ್ಪ ಬೆಳಿಗ್ಗೆ ಆಸ್ಪತ್ರೇಲಿ ತೀರ್ಕೊಂಡ್ರು. 'ಆ ಮೇಷ್ಟ್ರು ಹೇಳಿದ್ದೇ ಸರಿ ಇರಬಹುದು, ಬೈದಿದ್ದಕ್ಕೆ ಕ್ಷಮೆ ಕೇಳ್ಬಿಡು' ಅಂದಿದ್ರು."

ರಾಯರು ಕನ್ನಡಕ ಒರೆಸಿಕೊಂಡು ಉತ್ತರ ಬರೆದರು:

"'ಸರಿ ಇರಬಹುದು' ಅಂದ್ರಾ, 'ಸರಿ' ಅಂದ್ರಾ? ಚೆನ್ನಾಗಿ ನೆನಪು ಮಾಡ್ಕೊಂಡು ಹೇಳಮ್ಮ."