ಬೆಚ್ಚಗಿನ ಕಪಾಟು

"ಇದೇ ನೋಡಿ, ನಿಮ್ಮ ಚೀಲಗಳಿಂದ ಬಂದ ಕಪಾಟು," ಎಂದು ಆಸ್ಪತ್ರೆಯ ಲ್ಯಾಬಿನ ಹುಡುಗಿ ಅದರ ಬಾಗಿಲು ತೆರೆದಳು.

ಟೈಲರಮ್ಮ ಸಂಕೋಚದಿಂದ ನಕ್ಕಳು. ಸ್ತನ ಕ್ಯಾನ್ಸರ್ ಸಂಶೋಧನೆಗೆಂದು ಒಂದಿಡೀ ವರ್ಷ ಬಟ್ಟೆಚೀಲ ಹೊಲಿದು ಮಾರಿ, ಬಂದ ಹಣ ಕೊಟ್ಟವಳು ಅವಳು. ಏಳು ವರ್ಷದ ಹಿಂದೆ ಅದೇ ಕಾಯಿಲೆಗೆ ಇದೇ ಆಸ್ಪತ್ರೆಯಲ್ಲಿ ಅವಳ ಎಡಗಡೆಯದನ್ನು ತೆಗೆದುಹಾಕಿದ್ದರು. ಆ ಜಾಗಕ್ಕೆ ಹತ್ತಿಯ ಮೆತ್ತೆಯನ್ನು ತಾನೇ ಹೊಲಿದುಕೊಂಡಿದ್ದಳು. ಅಳತೆ ಕೊಡಲು ಬರುವ ಹೆಂಗಸರಿಗೆ ಇವತ್ತಿಗೂ ಅದು ಗೊತ್ತಾಗಿಲ್ಲ.

ಜೊತೆಗೆ ಬಂದಿದ್ದ ಅಕ್ಕ, ಅಷ್ಟು ದುಡಿದದ್ದು ಈ ಡಬ್ಬಕ್ಕಾ ಎಂದು ಮೂಗು ಮುರಿದಳು. ಹುಡುಗಿ ನಗುತ್ತಲೇ ವಿವರಿಸಿದಳು. ರೋಗಿಗಳಿಂದ ತೆಗೆದ ಗಡ್ಡೆಯ ಜೀವಕೋಶಗಳನ್ನು ಇದರೊಳಗೆ ಬೆಳೆಸುತ್ತಾರಂತೆ. ಸದಾ ಮೈಬಿಸಿಯಷ್ಟೇ ಬಿಸಿ ಇರಬೇಕು. ದಿನ ಬಿಟ್ಟು ದಿನ ಊಟ, ಅಂದರೆ ಒಂದು ಗುಲಾಬಿ ಬಣ್ಣದ ನೀರು, ಭಾನುವಾರವೂ ರಜೆಯಿಲ್ಲ. ಹಳೆಯ ಕಪಾಟು ಕೆಟ್ಟು ಎಲ್ಲವೂ ಸಾಯುವುದರಲ್ಲಿದ್ದಾಗ ಈ ಹೊಸದು ಬಂದು ಉಳಿಸಿತಂತೆ.

ಅವಳು ಒಂದು ಚಪ್ಪಟೆ ಬಾಟಲಿ ಹೊರತೆಗೆದಳು. "ಇದು ನಮ್ಮ ಹಠಮಾರಿ. ಬೇರೆಯವೆಲ್ಲ ತಿಂಗಳೊಳಗೆ ಸತ್ತುಹೋಗ್ತವೆ. ಇದು ಏಳು ವರ್ಷದಿಂದ ಬೆಳೀತಾನೇ ಇದೆ. ಐದು ಔಷಧ ಹಾಕಿ ನೋಡಿದ್ವಿ, ಒಂದಕ್ಕೂ ಜಗ್ಗಲಿಲ್ಲ." ತನ್ನ ಮಗುವಿನ ತುಂಟತನ ಹೇಳಿಕೊಳ್ಳುವ ತಾಯಿಯ ಹೆಮ್ಮೆ ಅವಳ ದನಿಯಲ್ಲಿತ್ತು.

ಬಾಟಲಿಯ ಚೀಟಿಯ ಮೇಲೆ 4417 ಎಂದಿತ್ತು. ಟೈಲರಮ್ಮ ಅದನ್ನು ಎರಡು ಸಲ ಓದಿದಳು. ಪರ್ಸಿನಿಂದ ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯುವ ಆಸ್ಪತ್ರೆಯ ಕಾರ್ಡು ತೆಗೆದು ಅದರ ಪಕ್ಕ ಹಿಡಿದಳು. ಅದರಲ್ಲೂ ಅದೇ ನಂಬರು.

ಹುಡುಗಿಯ ಮುಖ ಬಿಳಿಚಿಕೊಂಡಿತು. ಗುರುತು ಅಳಿಸಬೇಕೆಂಬುದು ನಿಯಮ. ಯಾರೋ ಪುಣ್ಯಾತ್ಮರು ಹೆಸರನ್ನಷ್ಟೇ ಅಳಿಸಿ ಆಸ್ಪತ್ರೆಯ ನಂಬರನ್ನು ಹಾಗೇ ಅಂಟಿಸಿಬಿಟ್ಟಿದ್ದರು. ಆಪರೇಷನ್ನಿಗೆ ಮೊದಲು ಸಹಿ ಹಾಕಿದ ಕಾಗದಗಳಲ್ಲಿ ಸಂಶೋಧನೆಗೆ ಒಪ್ಪಿಗೆಯೂ ಒಂದಿದ್ದಿರಬೇಕು. ಆ ಭಯದಲ್ಲಿ ಓದಿ ಸಹಿ ಹಾಕುವವರು ಯಾರು?

"ಸುಟ್ಟುಹಾಕಿರ್ತಾರೆ ಅಂದ್ಕೊಂಡಿದ್ದೆ," ಎಂದಳು ಟೈಲರಮ್ಮ.

ಅಕ್ಕನಿಗೆ ಈಗ ಅರ್ಥವಾಯಿತು. "ಹಾವಿಗೆ ಹಾಲೆರೆದೆಯಲ್ಲೇ. ವರ್ಷವೆಲ್ಲ ಬೆನ್ನು ಬಗ್ಗಿಸಿ ಹೊಲಿದದ್ದು ಇದನ್ನ ಸಾಕೋಕಾ? ಈಗಲೇ ಸಾಯಿಸಿ ಅಂತ ಹೇಳು."

ಟೈಲರಮ್ಮ ಸ್ಟೂಲು ಎಳೆದುಕೊಂಡು ಕೂತು, ಆ ಐದರಲ್ಲಿ ತನಗೆ ಕೊಟ್ಟ ಔಷಧವೂ ಇತ್ತೇ ಎಂದು ಹೆಸರು ಹೇಳಿ ಕೇಳಿದಳು. ಹುಡುಗಿ ಹೌದೆಂದು ತಲೆಯಾಡಿಸಿದಳು. ತನ್ನ ಕೂದಲು ಉದುರಿಸಿ, ಉಗುರು ಕಪ್ಪಾಗಿಸಿದ ಔಷಧ ಇದರ ಕೂದಲನ್ನೂ ಕೊಂಕಿಸಿರಲಿಲ್ಲ. ಗೆದ್ದೆನೆಂದು ಏಳು ವರ್ಷ ನೆಮ್ಮದಿಯಾಗಿ ಮಲಗಿದ್ದಳು. ಅಷ್ಟೂ ದಿನ ಇದು ಇಲ್ಲಿ ಉಣ್ಣುತ್ತಿತ್ತು.

"ನೀವು ಬೇಡ ಅಂದ್ರೆ ಇವತ್ತೇ ನಾಶ ಮಾಡ್ತೀವಿ, ಅಮ್ಮ," ಎಂದಳು ಹುಡುಗಿ. ಆಮೇಲೆ ಮೆಲ್ಲಗೆ ಸೇರಿಸಿದಳು: "ಸೋಮವಾರ ಆರನೇ ಔಷಧ ಹಾಕೋದಿತ್ತು."

ಟೈಲರಮ್ಮನ ಕೈ ತಾನಾಗಿ ಎದೆಯ ಮೆತ್ತೆಯ ಮೇಲೆ ಹೋಯಿತು. ಅಕ್ಕ ಅವಳನ್ನೇ ನೋಡುತ್ತಿದ್ದಳು. ಹುಡುಗಿಯ ಕೈಯ ಬಾಟಲಿಯಲ್ಲಿ ಗುಲಾಬಿ ನೀರು ಅಲುಗುತ್ತಿತ್ತು.

"ಎಷ್ಟು ಹೊತ್ತು ಹೊರಗೆ ಹಿಡ್ಕೊಂಡಿರ್ತೀಯಮ್ಮ," ಎಂದಳು ಟೈಲರಮ್ಮ ಕೊನೆಗೆ. "ಒಳಗಿಡು. ತಣ್ಣಗಾಗುತ್ತೆ."