ಅಟ್ಟಣೆಯ ಮೇಲಿನ ಖಾಕಿ ಕೋಟು

ಸೂರಪ್ಪ ಬಂದೂಕಿನೊಳಗಿದ್ದ ಸಣ್ಣ ಚರೆಯ ತೋಟಾ ಹೊರತೆಗೆದು, ಕಾಡುಹಂದಿಗೆ ಹಾಕುವ ದಪ್ಪ ಗುಂಡಿನ ತೋಟಾ ತುಂಬಿದ. ನೀರುಕಾಗೆ ಹೊಡೆಯಲು ಅಷ್ಟು ದೊಡ್ಡ ಗುಂಡು ಬೇಕಿಲ್ಲ. ಅದು ಅವನಿಗೂ ಗೊತ್ತಿತ್ತು.

ಕೆರೆ ಇದ್ದದ್ದು ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಅದನ್ನು ಸೂರಪ್ಪ ಮತ್ತು ಮಾಳಿಂಗಪ್ಪ ಪಾಲಿನಲ್ಲಿ ಗುತ್ತಿಗೆ ಹಿಡಿದು ಮೀನುಮರಿ ಬಿಟ್ಟಿದ್ದರು. ಭಾನುವಾರ ಬಂತೆಂದರೆ ಹತ್ತಿ ಗಿರಣಿಯ ದೊಡ್ಡ ಮನುಷ್ಯರು ಮೋಟಾರಿನಲ್ಲಿ ಬಂದು ಏರಿಯ ಮೇಲೆ ಗಾಳ ಹಾಕಿ ಕೂರುತ್ತಿದ್ದರು. ಅವರ ಗಾಳಕ್ಕೆ ಬೀಳಬೇಕಾದ ಮೀನು ನೀರುಕಾಗೆಗಳ ಹೊಟ್ಟೆ ಸೇರುತ್ತಿತ್ತು.

ಮೊದಲು ನೀರಿನ ನಡುವೆ ಅಟ್ಟಣೆ ಕಟ್ಟಿ ಬೆದರುಬೊಂಬೆ ಕೂರಿಸಿದರು. ಹಕ್ಕಿಗಳು ಒಂದೆರಡು ದಿನ ಹೆದರಿದವು. ಆಮೇಲೆ ಅದರ ತಲೆಯ ಮೇಲೆಯೇ ಕೂತು ರೆಕ್ಕೆ ಒಣಗಿಸಿಕೊಂಡವು. ಆಗ ಸೂರಪ್ಪನಿಗೆ ಉಪಾಯ ಹೊಳೆಯಿತು. ಬೊಂಬೆಯ ಖಾಕಿ ಕೋಟು, ಹುಲ್ಲಿನ ಟೋಪಿಗಳನ್ನು ಕಾವಲುಗಾರ ಗುಡ್ಡಪ್ಪನಿಗೆ ತೊಡಿಸಿ, ಅದೇ ಜಾಗದಲ್ಲಿ ಕೂರಿಸಿ, ಗುಂಡು ಹಾರಿಸಲು ಹೇಳಿದ. ಕೆಲವು ಹಕ್ಕಿ ಸತ್ತವು. ಉಳಿದವು ಕೋಟು ಕಂಡರೆ ದೂರದಿಂದಲೇ ತಿರುಗತೊಡಗಿದವು. ವಾರದಲ್ಲಿ ಯಾವಾಗಲೋ ಒಮ್ಮೆ ಗುಡ್ಡಪ್ಪ ಕೂತರೆ ಸಾಕಾಯಿತು, ಮಿಕ್ಕ ದಿನ ಬೊಂಬೆ. ಈ ಜಾಣತನವನ್ನು ಸೂರಪ್ಪ ನಿಟ್ಟುವಳ್ಳಿಯ ಚಹಾದಂಗಡಿಯವರೆಗೂ ಹೋಗಿ ಹೇಳಿಕೊಂಡು ಬಂದಿದ್ದ.

ಅದೇ ಜಾಣತನ ಅವನಿಗೆ ಮುಳುವಾಯಿತು. ಮಾಳಿಂಗಪ್ಪ ಹರಿಗೋಲು ಮಗುಚಿ ನೀರುಪಾಲಾದ ಎಂದು ಸೂರಪ್ಪ ಎದೆ ಬಡಿದುಕೊಂಡು ಅತ್ತಾಗ ಊರೆಲ್ಲ ನಂಬಿತು. ಅದನ್ನು ಮಗುಚಿಹಾಕಿದವನು ತಾನೇ ಎಂಬುದಕ್ಕೆ ಅಟ್ಟಣೆಯ ಮೇಲಿನ ಬೊಂಬೆಯೊಂದೇ ಸಾಕ್ಷಿ ಎಂದು ಅವನು ನಿಶ್ಚಿಂತನಾಗಿದ್ದ. ಅಂದು ಅಲ್ಲಿ ಕೂತಿದ್ದದ್ದು ಗುಡ್ಡಪ್ಪ. ಕಂಡದ್ದನ್ನು ಅವನು ಪೊಲೀಸರಿಗೆ ಹೇಳಿದ.

ಸೋಮವಾರ ಗುಡ್ಡಪ್ಪ ಹರಿಹರದ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಹೇಳಿದನೆಂದರೆ ಸೂರಪ್ಪನ ಕುತ್ತಿಗೆಗೆ ಹಗ್ಗ. ಆಸೆ ತೋರಿಸಿದ್ದಾಯಿತು, ಹೆದರಿಸಿದ್ದಾಯಿತು. ಆಸಾಮಿ ಬಗ್ಗಲಿಲ್ಲ. ಕೊನೆಗೆ ಉಳಿದದ್ದು ಬಂದೂಕು. ಈ ಕೆರೆಯಲ್ಲಿ ಗುಂಡಿನ ಸದ್ದಾದರೆ ಸುತ್ತಲಿನ ಹೊಲದವರು ತಲೆ ಎತ್ತುವುದನ್ನೇ ಬಿಟ್ಟಿದ್ದರು. ಹಕ್ಕಿಗೆ ಇಟ್ಟ ಗುರಿ ಮನುಷ್ಯನಿಗೆ ತಗುಲಿದರೆ ಅದು ಹಣೆಬರಹ, ಕೊಲೆಯಲ್ಲ.

“ಶನಿವಾರ ನೀನೇ ಅಟ್ಟಣೆ ಮ್ಯಾಲೆ ಕೂಡಬೇಕು, ಬೊಂಬೆ ಬ್ಯಾಡ. ಮರುದಿನ ಗಿರಣಿ ಸಾಹೇಬ್ರು ಬರ್ತಾರ,” ಎಂದು ಸೂರಪ್ಪ ಹೇಳಿಕಳಿಸಿದ್ದ. “ಆತು” ಎಂದಷ್ಟೇ ಉತ್ತರ ಬಂದಿತ್ತು.

ಈಗ ಸೂರಪ್ಪ ಏರಿ ಹತ್ತಿ ನೋಡಿದ. ಅಟ್ಟಣೆಯ ಮೇಲೆ ಖಾಕಿ ಕೋಟು, ಹುಲ್ಲಿನ ಟೋಪಿ. ಬೆನ್ನು ಇತ್ತ ಕಡೆಗೆ. ಕಾವಲು ಕೊಟ್ಟಿಗೆಯ ಮುಂದೆ ಗುಡ್ಡಪ್ಪನ ಹೆಂಡತಿ ರಂಗವ್ವ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬುಟ್ಟಿ ಎಂದಿಗಿಂತ ದೊಡ್ಡದಿತ್ತು.

“ಎಲ್ಲವ್ವ ನಿನ್ನ ಗಂಡ?”

ಗಂಡನ ಹೆಸರು ಬಾಯಲ್ಲಿ ತರದ ಹೆಂಗಸು. ಗದ್ದ ಎತ್ತಿ ಕೆರೆಯ ಕಡೆ ತೋರಿಸಿದಳು. “ಹಕ್ಕಿ ನೋಡ್ರಿ ಸಾವ್ಕಾರ್ರೆ. ಒಂದಾದ್ರೂ ಹತ್ರ ಸುಳಿದೈತೇನು?”

“ಊಟಕ್ಕ ಕರಿಯಂಗಿಲ್ಲೇನು?”

“ಅವರಿಗೆ ಊಟ ಮುಟ್ಟೈತ್ರಿ.”

“ಮತ್ತ ಇಷ್ಟೊಂದು ರೊಟ್ಟಿ ಯಾಕ?”

“ಕಾಯೋರಿಗೆ ಹಸಿವು ಜಾಸ್ತಿ ನೋಡ್ರಿ,” ಎಂದು ಅವಳು ಬಟ್ಟೆ ಮುಚ್ಚಿದಳು.

ಸೂರಪ್ಪ ಜಾಲಿಮರದ ಮರೆಗೆ ಹೋದ. ಅವಸರ ಮಾಡಲಿಲ್ಲ. ಒಮ್ಮೆ ಮನುಷ್ಯನನ್ನು ಬೊಂಬೆ ಎಂದುಕೊಂಡು ಕೆಟ್ಟಿದ್ದ, ಕಣ್ಣನ್ನು ಇನ್ನು ನಂಬುವಂತಿರಲಿಲ್ಲ. ಹಕ್ಕಿಯನ್ನು ನಂಬಬಹುದು. ಹಕ್ಕಿ ಹುಲ್ಲಿನ ತಲೆಯ ಮೇಲೆ ಕೂರುತ್ತದೆ, ಜೀವವಿರುವ ತಲೆಯ ಮೇಲೆ ಕೂರುವುದಿಲ್ಲ.

ನೀರುಕಾಗೆಗಳ ಹಿಂಡು ಬಂತು. ದೂರದ ಜೊಂಡಿನ ಬಳಿ ಇಳಿದು ಮುಳುಗಿತು. ಒಂದು ಮಾತ್ರ ಮೀನು ನುಂಗಿ, ಒದ್ದೆ ರೆಕ್ಕೆ ಬಡಿಯುತ್ತ ಅಟ್ಟಣೆಯ ಕಡೆ ಹಾರಿತು. ಸೂರಪ್ಪ ಬಂದೂಕು ಭುಜಕ್ಕೇರಿಸಿದ. ಹಕ್ಕಿ ಕೋಟಿನ ಹತ್ತಿರ ಬಂದದ್ದೇ ಗಕ್ಕನೆ ಹೊರಳಿ, ಹೆದರಿ ಹಾರಿಹೋಯಿತು.

ಕುದುರೆ ಎಳೆದ.

ಖಾಕಿ ಕೋಟು ಒಮ್ಮೆ ಕುಸಿದು, ಮಗ್ಗುಲಿಗೆ ವಾಲಿ, ನೀರಿಗೆ ಬಿತ್ತು. ಹುಲ್ಲಿನ ಟೋಪಿ ತೇಲತೊಡಗಿತು. ಆಚೆ ಹೊಲದಲ್ಲಿ ನೇಗಿಲು ಹೊಡೆಯುತ್ತಿದ್ದವನು ತಿರುಗಿಯೂ ನೋಡಲಿಲ್ಲ.

ಸೂರಪ್ಪ ಬಂದೂಕು ಬಿಸಾಡಿ, ಎದೆ ಬಡಿದುಕೊಳ್ಳುತ್ತ ಏರಿಯ ಮೇಲೆ ಓಡಿದ. “ಅಯ್ಯೋ ಶಿವನೇ! ಹಕ್ಕಿಗೆ ಇಟ್ಟ ಗುರಿ ತಪ್ಪಿತಲ್ಲೋ! ಗುಡ್ಡಪ್ಪಾ!” ಕಣ್ಣೀರು ಚೆನ್ನಾಗಿಯೇ ಬಂತು. ಮಾಳಿಂಗಪ್ಪನ ಸಾವಿನಲ್ಲಿ ರೂಢಿಯಾಗಿತ್ತಲ್ಲ.

ರಂಗವ್ವ ಕೂತಲ್ಲಿಂದ ಏಳಲಿಲ್ಲ. ರೊಟ್ಟಿಯ ಮೇಲಿನ ನೊಣ ಅಟ್ಟುತ್ತಿದ್ದಳು. ಅವಳ ಒಣ ಕಣ್ಣು ನೋಡಿ ಸೂರಪ್ಪನಿಗೆ ಮೊದಲ ಸಲ ನಿಜವಾಗಿ ಭಯವಾಯಿತು.

“ಏನವ್ವ, ಕಣ್ಣೆದುರಿಗೇ ಗಂಡ ಹೋದ. ಅಳು ಬರಂಗಿಲ್ಲೇನು ನಿನಗ?”

ಕೊಟ್ಟಿಗೆಯ ಬಾಗಿಲು ಕಿರುಗುಟ್ಟಿತು. ಹರಿಹರದ ಪೊಲೀಸ್ ದಫೇದಾರ ಖಾಜಾ ಹುಸೇನ್ ಬಾಯಿ ಒರೆಸಿಕೊಳ್ಳುತ್ತ ಹೊರಬಂದ. ನೇರ ಹೋಗಿ ಬಿದ್ದಿದ್ದ ಬಂದೂಕು ಎತ್ತಿಕೊಂಡು, ನಳಿಗೆ ಬಗ್ಗಿಸಿ ತೆರೆದು, ಸುಟ್ಟ ತೋಟಾ ಹೊರತೆಗೆದು ಮೂಸಿದ. “ನೀರುಕಾಗೆಗೆ ಹಂದಿ ಗುಂಡೇನ್ರೀ ಸಾವ್ಕಾರ್ರೆ?”

“ಅಕಿ ಯಾಕ ಅಳ್ತಾಳ ಬಿಡ್ರಿ,” ಎನ್ನುತ್ತ, ಅವನ ಹಿಂದೆಯೇ ರೊಟ್ಟಿ ಅಗಿಯುತ್ತ ಬಂದ ಗುಡ್ಡಪ್ಪ, “ಇನ್ನೊಂದು ಬೊಂಬೆ ಕಟ್ಟಿದ್ರಾತು.”